ಚಿತ್ರ ಬರೆದ ಕೈ ಅಕ್ಷರ ಕಲಿಯಬೇಕು

ಪ್ರಶ್ನೆ: ನಾನು ಚಿತ್ರಕಲೆಯಲ್ಲಿ ಪದವಿ ಪಡೆದವಳು. ಮೊದಲ ಕೆಲವು ವರ್ಷ ಕ್ಯಾನ್ವಾಸ್ ಮೇಲೆಯೇ ಕೆಲಸ ಮಾಡಿದೆ. ಪ್ರದರ್ಶನಗಳೂ ಆದವು, ಆದರೆ ಅದರಿಂದ ಜೀವನ ಸಾಗಲಿಲ್ಲ. ಆಮೇಲೆ ನಾಟಕ ತಂಡಕ್ಕೆ ಪರದೆ ಬರೆದೆ, ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದೆ, ಸ್ಕ್ರೀನ್ ಪ್ರಿಂಟಿಂಗ್ ಘಟಕವೊಂದರಲ್ಲಿ ದುಡಿದೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡಿಕೊಟ್ಟೆ. ಈಗ ನನಗೆ 38 ವರ್ಷ. ಗ್ರಾಫಿಕ್ ಡಿಸೈನನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕೆಂದಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ಪಳಗಿದ ಇಪ್ಪತ್ತರ ಹರೆಯದವರ ನಡುವೆ ನನ್ನನ್ನು ಯಾರು ಕೇಳುತ್ತಾರೆ? ಇಷ್ಟು ವರ್ಷದ ಅಲೆದಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಮತ್ತೆ ಕಾಲೇಜು ಸೇರಬೇಕೇ? ಕೆಲಸದ ಮಾದರಿಗಳ ಪೋರ್ಟ್‌ಫೋಲಿಯೊದಲ್ಲಿ ಏನನ್ನು ಇಡಲಿ? ಚಿತ್ರ ಬರೆಯುವುದನ್ನು ಬಿಡಬೇಕಾಗುತ್ತದೆಯೇ?

ಉತ್ತರ: ಬನ್ನಿ, ಖಂಡಿತ ಬನ್ನಿ. ಸಾಫ್ಟ್‌ವೇರ್ ಬಗ್ಗೆ ನಿಮಗಿರುವ ಭಯ ಅನಗತ್ಯ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆಯೇ: ನಿಮ್ಮ ಪತ್ರದಲ್ಲಿ ಅಕ್ಷರದ ಬಗ್ಗೆ ಒಂದು ಮಾತೂ ಇಲ್ಲ. ಚಿತ್ರಕಲೆಯಿಂದ ಈ ಕಡೆಗೆ ಬಂದವರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಅವರಿಗೆ ಬಣ್ಣ ಗೊತ್ತು, ಆಕಾರ ಗೊತ್ತು, ಚೌಕಟ್ಟಿನೊಳಗೆ ತೂಕ ಹಂಚುವುದು ಗೊತ್ತು. ಹತ್ತು ಸಾಲು ಬರಹವನ್ನು ಓದಿಸಿಕೊಂಡು ಹೋಗುವಂತೆ ಕೂರಿಸಿ ಎಂದಾಗ ಮಾತ್ರ ಕೈ ತಡೆಯುತ್ತದೆ. ಆದ್ದರಿಂದ ಈ ಉತ್ತರದ ಬಹುಪಾಲು ಅಕ್ಷರದ ಸುತ್ತಲೇ ಇರುತ್ತದೆ. ಅದಕ್ಕೂ ಮೊದಲು, ಅಲೆದಾಟ ಎಂದು ನೀವು ಕರೆದಿರುವ ವರ್ಷಗಳಲ್ಲಿ ಏನೇನು ಕೈಗೆ ಬಂದಿದೆ ಎಂದು ನೋಡೋಣ.

ನಿಮ್ಮ ಬಳಿ ಇರುವುದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಸ್ಕ್ರೀನ್ ಪ್ರಿಂಟಿಂಗ್ ಅನುಭವ. ಅದನ್ನು ನೀವು ಪತ್ರದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಒಂದು ಚಿತ್ರವನ್ನು ಬಣ್ಣ ಬಣ್ಣವಾಗಿ ಬಿಡಿಸುವುದು, ಒಂದೊಂದು ಬಣ್ಣಕ್ಕೂ ಶಾಯಿ ಹಾಯಿಸುವ ಜಾಲರಿಯ ಒಂದೊಂದು ಸ್ಕ್ರೀನ್ ಮಾಡುವುದು, ಯಾವ ಬಣ್ಣ ಮೊದಲು ಬೀಳಬೇಕು ಎಂದು ತೀರ್ಮಾನಿಸುವುದು, ಎರಡು ಬಣ್ಣಗಳ ನಡುವೆ ಬಿಳಿ ಗೆರೆ ಇಣುಕದಂತೆ ಅಂಚನ್ನು ಕೂದಲೆಳೆಯಷ್ಟು ಮೇಲೆ ಹಾಯಿಸುವುದು, ಇವೆಲ್ಲ ನಿಮಗೆ ಮೈಗೂಡಿರುತ್ತವೆ. ಆಫ್‌ಸೆಟ್ ಮುದ್ರಣದ ತತ್ವವೂ ಇದೇ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು, ಒಂದು ಕೊಂಚ ಜರುಗಿದರೂ ಅಂಚು ಮಸುಕಾಗುತ್ತದೆ. ನಾಲ್ಕೂ ಬಣ್ಣ ಬೆರೆತ ಗಾಢ ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರ ಇಡಬಾರದು ಎಂದು ಕಂಪ್ಯೂಟರ್ ಪರದೆಯ ಮುಂದೆ ಮಾತ್ರ ಕೆಲಸ ಕಲಿತವರಿಗೆ ಪಾಠ ಹೇಳಿಕೊಡಬೇಕಾಗುತ್ತದೆ. ಸ್ಕ್ರೀನ್ ಜರುಗಿದಾಗ ಅಕ್ಷರದ ಹೊಟ್ಟೆಯೊಳಗೆ ಶಾಯಿ ನುಗ್ಗುವುದನ್ನು ಕಣ್ಣಾರೆ ಕಂಡ ನಿಮಗೆ ಆ ಪಾಠ ಬೇಕಾಗಿಲ್ಲ. ಎರಡೇ ಬಣ್ಣದಲ್ಲಿ ಒಂದು ಪೋಸ್ಟರ್ ಮುಗಿಸಿ ಎಂದರೆ ಅದು ನಿಮಗೆ ಶಿಕ್ಷೆಯಾಗಿ ಕಾಣುವುದಿಲ್ಲ. ಈ ವೃತ್ತಿಯಲ್ಲಿ ಅದು ದೊಡ್ಡ ಬಲ.

ನಾಟಕದ ಪರದೆ ಬರೆದವರಿಗೆ ಹಿಂದಿನ ಸಾಲಿನ ಕಣ್ಣು ಇರುತ್ತದೆ. ದೂರದಿಂದ ಏನು ಉಳಿಯುತ್ತದೆ, ಏನು ಅಳಿಸಿಹೋಗುತ್ತದೆ ಎಂಬ ಅಂದಾಜು ಪೋಸ್ಟರಿಗೂ ಪುಸ್ತಕದ ಮುಖಪುಟಕ್ಕೂ ಫೋನಿನ ಪುಟ್ಟ ಪರದೆಯ ಮೇಲಿನ ಚಿಹ್ನೆಗೂ ಒಂದೇ. ಮಕ್ಕಳ ಪುಸ್ತಕ ನಿಮಗೆ ಪುಟದಿಂದ ಪುಟಕ್ಕೆ ಕಣ್ಣನ್ನು ನಡೆಸುವುದನ್ನು ಕಲಿಸಿದೆ. ಶಾಲೆಯ ಕೆಲಸವನ್ನು ಕಡಿಮೆ ಅಂದಾಜು ಮಾಡಬೇಡಿ. ಗ್ರಾಹಕರ ಎದುರು ಕುಳಿತು, ಈ ಅಂಚು ಇಷ್ಟು ಅಗಲ ಏಕಿರಬೇಕು ಎಂದು ಕಲೆಯ ಭಾಷೆ ಬಳಸದೆ ವಿವರಿಸುವುದು ಅರ್ಧ ಕೆಲಸ. ತರಗತಿಯಲ್ಲಿ ನಿಂತವರಿಗೆ ಅದು ಬೇಗ ಒಲಿಯುತ್ತದೆ.

ಸುತ್ತುದಾರಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಸೂಸನ್ ಕೇರ್ ಅವರನ್ನು ನೆನೆಯುವುದು ನನಗೆ ಇಷ್ಟ. 1978ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಕಲೆಯಲ್ಲಿ ಡಾಕ್ಟರೇಟ್ ಪಡೆದವರು ಅವರು. ವಸ್ತುಸಂಗ್ರಹಾಲಯವೊಂದಕ್ಕಾಗಿ ನಿಜಗಾತ್ರದ ಕಾಡುಹಂದಿಯ ಲೋಹಶಿಲ್ಪವನ್ನು ಬೆಸುಗೆ ಹಾಕುತ್ತಿದ್ದಾಗ ಶಾಲಾದಿನಗಳ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್ ಅವರಿಂದ ಕರೆ ಬಂತು. ಆ್ಯಪಲ್ ಕಂಪನಿ ಸಿದ್ಧಪಡಿಸುತ್ತಿದ್ದ ಹೊಸ ಕಂಪ್ಯೂಟರಿಗೆ ಚಿಹ್ನೆಗಳು ಬೇಕಾಗಿದ್ದವು. ಕಂಪ್ಯೂಟರ್ ಚಿತ್ರದಲ್ಲಿ ಅವರಿಗೆ ಆಗ ಯಾವ ಅನುಭವವೂ ಇರಲಿಲ್ಲ. ಗ್ರಾಫ್ ಹಾಳೆ ತಂದು, 32ಕ್ಕೆ 32 ಚೌಕಗಳ ಒಳಗೆ ಒಂದೊಂದೇ ಚೌಕವನ್ನು ಕಪ್ಪು ಮಾಡುತ್ತ ಚಿತ್ರ ಕಟ್ಟಿದರು. 1984ರ ಮ್ಯಾಕಿಂಟಾಷ್ ಪರದೆಯ ಮೇಲೆ ನಗುವ ಕಂಪ್ಯೂಟರ್, ಕಸದ ಬುಟ್ಟಿ, ಶಿಕಾಗೊ ಎಂಬ ಫಾಂಟು, ಅಂದರೆ ಅಕ್ಷರಶೈಲಿ, ಬಂದದ್ದು ಹಾಗೆ. ಮೊಸಾಯಿಕ್ ಮತ್ತು ಕಸೂತಿ ಬಲ್ಲವರಿಗೆ ಚೌಕ ಚೌಕವಾಗಿ ಆಕಾರ ಹೊಂದಿಸುವುದು ಹೊಸತಾಗಿ ಕಾಣಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಅವರು ತಮ್ಮೊಂದಿಗೆ ಏನನ್ನು ತಂದರು ಎಂಬುದನ್ನು. ಶಿಲ್ಪದ ಶೈಲಿಯನ್ನು ಅವರು ಪರದೆಗೆ ತರಲಿಲ್ಲ. ಕಡಿಮೆ ಸಾಮಗ್ರಿಯಲ್ಲಿ ಒಂದು ಆಕಾರ ಗುರುತು ಹತ್ತುವಂತೆ ಮಾಡುವ ಶಿಸ್ತನ್ನು ತಂದರು. ನೀವು ದಾಟಿಸಿ ತರಬೇಕಾದದ್ದೂ ಶಿಸ್ತನ್ನೇ. ನಿಮ್ಮ ಕ್ಯಾನ್ವಾಸಿನ ಶೈಲಿಯನ್ನು ಲೋಗೊದ ಮೇಲೆ ಹೊದಿಸಹೊರಟರೆ ಎರಡೂ ಕೆಡುತ್ತವೆ.

ಇನ್ನು ಅಕ್ಷರ. ಚಿತ್ರಕಾರರ ಮೊದಲ ಪೋಸ್ಟರುಗಳನ್ನು ನೋಡಿದಾಗ ಒಂದು ಲಕ್ಷಣ ಎದ್ದು ಕಾಣುತ್ತದೆ. ಚಿತ್ರ ಸೊಗಸಾಗಿ ಮುಗಿದಿರುತ್ತದೆ. ಆಮೇಲೆ ಉಳಿದ ಮೂಲೆಯಲ್ಲಿ ಕಾರ್ಯಕ್ರಮದ ಹೆಸರು, ದಿನಾಂಕ, ಸ್ಥಳ ಇಕ್ಕಟ್ಟಾಗಿ ಕುಳಿತಿರುತ್ತವೆ, ಅದೂ ಯಾವುದೋ ಅಲಂಕಾರದ ಫಾಂಟಿನಲ್ಲಿ. ಬರಹವನ್ನು ಚಿತ್ರಕ್ಕೆ ಅಂಟಿಸಿದ ಚೀಟಿಯೆಂದು ಭಾವಿಸಿದ್ದರ ಫಲ ಇದು. ಫ್ರಾನ್ಸಿನ ಚಿತ್ರಕಾರ ತುಲೂಸ್ ಲೊತ್ರೆಕ್ 1891ರಲ್ಲಿ ಮುಲ್ಯಾಂ ರೂಜ್ ನೃತ್ಯಶಾಲೆಗಾಗಿ ಮಾಡಿದ ಪೋಸ್ಟರನ್ನು ಒಮ್ಮೆ ಗಮನವಿಟ್ಟು ನೋಡಿ. ಹೆಸರು ಮೂರು ಸಲ ಒಂದರ ಕೆಳಗೊಂದು ಬರುತ್ತದೆ, ಮೂರಕ್ಕೂ ಸೇರಿ ಒಂದೇ ದೊಡ್ಡ ಮೊದಲಕ್ಷರ. ಕಪ್ಪು ನೆರಳಾಗಿ ನಿಂತ ಪ್ರೇಕ್ಷಕರ ಸಾಲು ಎಷ್ಟು ಚಿತ್ರವೋ ಆ ಅಕ್ಷರಗಳೂ ಅಷ್ಟೇ ಚಿತ್ರ. ಬರಹವನ್ನು ತೆಗೆದರೆ ಪುಟದ ತೂಕವೇ ತಪ್ಪುತ್ತದೆ.

ಅಕ್ಷರ ಕಲಿಯುವುದೆಂದರೆ ಫಾಂಟುಗಳ ಹೆಸರು ಬಾಯಿಪಾಠ ಮಾಡುವುದೆಂದು ತಿಳಿಯಬೇಡಿ. ಪೆನ್ಸಿಲ್ ಹಿಡಿಯಿರಿ, ಅದು ನಿಮಗೆ ಗೊತ್ತಿರುವ ದಾರಿ. ಒಂದೇ ಒಂದು ಒಳ್ಳೆಯ ಫಾಂಟನ್ನು ಆರಿಸಿಕೊಂಡು, ಅಂಗೈಯಷ್ಟು ದೊಡ್ಡದಾಗಿ ಮುದ್ರಿಸಿ, ಅದರ ಮೇಲೆ ತೆಳುಹಾಳೆ ಇಟ್ಟು ತಿದ್ದಿ. ಗೆರೆಗಿಂತ ಗೆರೆಯ ಒಳಗಿನ ಬಿಳಿಯನ್ನು ನೋಡಿ. ಬಿಳಿಗಳು ಒಂದಕ್ಕೊಂದು ಹೊಂದಿದಾಗ ಪದ ತಾನಾಗಿ ಕೂರುತ್ತದೆ. ನಗ್ನಚಿತ್ರದ ತರಗತಿಯಲ್ಲಿ ತೋಳಿಗೂ ಸೊಂಟಕ್ಕೂ ನಡುವಿನ ಖಾಲಿ ಜಾಗವನ್ನು ಬರೆದು ಅಭ್ಯಾಸ ಮಾಡಿದ್ದೀರಲ್ಲ, ಇಲ್ಲಿಯೂ ಅದೇ ಕಣ್ಣು ಬೇಕು. ಸ್ವಿಟ್ಜರ್ಲೆಂಡಿನ ಅಕ್ಷರ ವಿನ್ಯಾಸಕ ಆಡ್ರಿಯನ್ ಫ್ರುಟಿಗರ್ ಹುಡುಗನಾಗಿದ್ದಾಗ ಶಿಲ್ಪಿಯಾಗಬೇಕೆಂದಿದ್ದರು. ಮನೆಯವರು ಒಪ್ಪಲಿಲ್ಲ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿಯಲು ಸೇರಿದರು, ಆಮೇಲೆ ಜ್ಯೂರಿಕ್‌ನ ಕಲಾಶಾಲೆಗೆ ಹೋದರು, 1952ರಲ್ಲಿ ಮುದ್ರಣದ ಅಕ್ಷರ ತಯಾರಿಸುವ ಪ್ಯಾರಿಸ್ಸಿನ ಕಂಪನಿಯೊಂದನ್ನು ಸೇರಿದರು. 1957ರಲ್ಲಿ ಅವರ ಯೂನಿವರ್ಸ್ ಫಾಂಟು ಬಂದಾಗ ಅದು 21 ರೂಪಗಳಿದ್ದ ಒಂದೇ ಕುಟುಂಬವಾಗಿತ್ತು: ತೆಳುವಿನಿಂದ ದಪ್ಪಕ್ಕೆ, ಕಿರಿದರಿಂದ ಅಗಲಕ್ಕೆ. ಶಿಲ್ಪಿಯಾಗಬೇಕೆಂದಿದ್ದ ಮನಸ್ಸು ಅಕ್ಷರದೊಳಗಿನ ಟೊಳ್ಳನ್ನು ಕಡೆಯಿತು ಎಂದೇ ನನಗೆ ಅನ್ನಿಸುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವುದಾದರೆ ಇನ್ನೂ ಕೆಲವು ಸೂಕ್ಷ್ಮಗಳಿವೆ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ರೋಮನ್ ಲಿಪಿಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಉಸಿರುಗಟ್ಟಿಸುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತೆ ಅಚ್ಚಾದ ಆಮಂತ್ರಣಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡು ಲಿಪಿಗಳು ಒಂದೇ ಸಾಲಿನಲ್ಲಿ ಬಂದಾಗ ಎರಡಕ್ಕೂ ಗಾತ್ರದ ಒಂದೇ ಪಾಯಿಂಟ್ ಅಳತೆ ಕೊಟ್ಟರೆ ಅವು ಕಣ್ಣಿಗೆ ಒಂದೇ ಎತ್ತರವಾಗಿ ಕಾಣುವುದು ಅಪರೂಪ. ಅಳತೆಯ ಪಟ್ಟಿ ಬಿಟ್ಟು ಕಣ್ಣಿನಿಂದ ಹೊಂದಿಸಬೇಕು. ದಪ್ಪ ರೂಪ ಇಲ್ಲದ ಫಾಂಟಿಗೆ ಸಾಫ್ಟ್‌ವೇರ್ ಮೂಲಕ ಬಲವಂತವಾಗಿ ದಪ್ಪ ಹತ್ತಿಸಬೇಡಿ, ಜಾಗ ತುಂಬಲೆಂದು ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ.

ಅಭ್ಯಾಸಕ್ಕೆ ಒಂದು ಕೆಲಸ ಕೊಡುತ್ತೇನೆ. ನಾಲ್ಕಾರು ದಿನ ನಡೆಯುವ ಯಾವುದಾದರೂ ಉತ್ಸವದ ವೇಳಾಪಟ್ಟಿ ತೆಗೆದುಕೊಳ್ಳಿ: ದಿನ, ಸಮಯ, ಸ್ಥಳ, ಕಲಾವಿದರು, ಪ್ರವೇಶದ ನಿಯಮ. ಮೊದಲ ಸಲ ಒಂದೇ ಫಾಂಟು, ಒಂದೇ ಗಾತ್ರ, ಒಂದೇ ದಪ್ಪ. ಜಾಗ ಬಿಡುವುದರಿಂದ ಮಾತ್ರ ಎಲ್ಲವೂ ಸ್ಪಷ್ಟವಾಗಬೇಕು. ಎರಡನೆಯ ಸಲ ದಪ್ಪ ರೂಪವೊಂದನ್ನು ಸೇರಿಸಿಕೊಳ್ಳಿ. ಮೂರನೆಯ ಸಲ ಇನ್ನೊಂದು ಗಾತ್ರ. ಬಣ್ಣವೂ ಬೇಡ, ಚಿತ್ರವೂ ಬೇಡ. ಮುಗಿದ ಹಾಳೆಯನ್ನು ಆ ಉತ್ಸವದ ಗಂಧವೇ ಇಲ್ಲದ ಒಬ್ಬರ ಕೈಗೆ ಕೊಟ್ಟು, ಎರಡನೆಯ ದಿನ ಸಂಜೆ ಏನಿದೆ ಎಂದು ಕೇಳಿ. ಅವರು ಹುಡುಕುವಾಗ ನೀವು ಬಾಯಿ ಬಿಡಬೇಡಿ, ಅವರ ಕಣ್ಣು ಎಲ್ಲಿ ತಡವರಿಸುತ್ತದೆ ಎಂದು ನೋಡಿ. ಮೂರು ತಿಂಗಳು ಇಂಥದ್ದನ್ನೇ ಮಾಡಿದರೆ ಸಾಫ್ಟ್‌ವೇರ್ ಪಾಠಗಳಿಂದ ಒಂದು ವರ್ಷದಲ್ಲಿ ಬಾರದ್ದು ಬರುತ್ತದೆ. ಈ ಮಾತನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಅಕ್ಷರದಷ್ಟೇ ಕಷ್ಟದ ಇನ್ನೊಂದು ಬದಲಾವಣೆಯಿದೆ. ಕ್ಯಾನ್ವಾಸ್ ಮುಂದೆ ನಿಂತಾಗ ಪ್ರಶ್ನೆಯೂ ನಿಮ್ಮದು, ಉತ್ತರವೂ ನಿಮ್ಮದು. ಇಲ್ಲಿ ಪ್ರಶ್ನೆ ಬೇರೆಯವರಿಂದ ಬರುತ್ತದೆ, ಹಲವು ಸಲ ಅಸ್ಪಷ್ಟವಾಗಿಯೇ ಬರುತ್ತದೆ. ಲಂಡನ್ನಿನ ಸುರಂಗ ರೈಲಿನ ನಕ್ಷೆ ಬಿಡಿಸಿದ ಹ್ಯಾರಿ ಬೆಕ್ ಚಿತ್ರಕಾರರೂ ಆಗಿರಲಿಲ್ಲ, ವಿನ್ಯಾಸಕರೂ ಆಗಿರಲಿಲ್ಲ. ರೈಲಿನ ಸಿಗ್ನಲ್ ವಿಭಾಗಕ್ಕೆ ವಿದ್ಯುತ್ ನಕ್ಷೆ ಬರೆಯುತ್ತಿದ್ದವರು. ನೆಲದಡಿಯಲ್ಲಿ ಕುಳಿತ ಪ್ರಯಾಣಿಕನಿಗೆ ಊರಿನ ನಿಜವಾದ ಅಂಕುಡೊಂಕು ಬೇಕಾಗಿಲ್ಲ, ಮುಂದಿನ ನಿಲ್ದಾಣ ಯಾವುದು, ರೈಲು ಬದಲಿಸುವುದು ಎಲ್ಲಿ ಎಂದು ತಿಳಿದರೆ ಸಾಕು ಎಂದು ಅವರಿಗೆ ಹೊಳೆಯಿತು. ಗೆರೆಗಳನ್ನೆಲ್ಲ ನೇರ, ಅಡ್ಡ, 45 ಡಿಗ್ರಿ ಓರೆಗೆ ತಂದರು. ಮೊದಲು ತಿರಸ್ಕೃತವಾದ ಆ ನಕ್ಷೆ 1933ರಲ್ಲಿ ಅಚ್ಚಾಯಿತು, ಇಂದಿಗೂ ಜಗತ್ತಿನ ಮೆಟ್ರೊ ನಕ್ಷೆಗಳು ಅದರ ದಾರಿಯಲ್ಲೇ ನಡೆಯುತ್ತಿವೆ. ನೋಡುವವರಿಗೆ ಏನು ಬೇಕು ಎಂಬ ಒಂದೇ ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದುಕೊಂಡಿದ್ದರಿಂದ ಅದು ಸಾಧ್ಯವಾಯಿತು.

ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮುನ್ನ ಕೇಳಿ: ಇದನ್ನು ಯಾರು ನೋಡುತ್ತಾರೆ? ಎಲ್ಲಿ, ಎಷ್ಟು ಹೊತ್ತು ನೋಡುತ್ತಾರೆ? ನೋಡಿದ ಮೇಲೆ ಅವರು ಏನು ಮಾಡಬೇಕು? ಉತ್ತರಗಳನ್ನು ಬರೆದುಕೊಂಡು ಗ್ರಾಹಕರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಮುಂದೆ ಅವರು ‘ಇದು ಯಾಕೋ ಇಷ್ಟವಾಗಲಿಲ್ಲ’ ಎಂದಾಗ ನಿಮಗೆ ಹಿಂದಿರುಗಲು ಒಂದು ನೆಲೆ ಇರುತ್ತದೆ. ಚಿತ್ರಕಾರರಿಗೆ ಆ ಮಾತು ನೇರವಾಗಿ ಎದೆಗೆ ತಾಗುತ್ತದೆ, ಏಕೆಂದರೆ ಅವರ ಕೆಲಸದಲ್ಲಿ ಅವರೇ ಇರುತ್ತಾರೆ. ಬರೆದಿಟ್ಟ ಆ ಮೂರು ಉತ್ತರಗಳನ್ನು ಮೇಜಿನ ಮೇಲಿಟ್ಟು ಮಾತಾಡಿದರೆ ಚರ್ಚೆ ನಿಮ್ಮಿಂದ ಕೆಲಸದ ಕಡೆಗೆ ಸರಿಯುತ್ತದೆ.

ಸಾಫ್ಟ್‌ವೇರ್ ಬಗ್ಗೆ ಸಂಕ್ಷಿಪ್ತವಾಗಿ ಹೇಳಿ ಮುಗಿಸುತ್ತೇನೆ. ನಿಮಗೆ ಮೂರು ಬಗೆಯ ಸಲಕರಣೆ ಸಾಕು: ಲೋಗೊ ಮತ್ತು ಚಿಹ್ನೆಗಳಿಗೆ ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ವೆಕ್ಟರ್ ತಂತ್ರಾಂಶ, ಫೋಟೊ ಹಾಗೂ ಕುಂಚದ ಕೆಲಸಕ್ಕೆ ಪಿಕ್ಸೆಲ್ ತಂತ್ರಾಂಶ, ಪುಸ್ತಕ ಪತ್ರಿಕೆಗಳಿಗೆ ಪುಟವಿನ್ಯಾಸದ ತಂತ್ರಾಂಶ. ಮೂರರಲ್ಲೂ ಶೇಕಡಾ ನೂರು ಪಾಂಡಿತ್ಯ ಯಾರಿಗೂ ಬೇಕಾಗಿಲ್ಲ. ಮುದ್ರಣಕ್ಕೆ ಕಳುಹಿಸುವ ಚಿತ್ರ ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಲಿ. ಅಂಚಿನವರೆಗೆ ಹೋಗುವ ಬಣ್ಣವನ್ನು ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಆಚೆಗೆ ಹಾಯಿಸಿ. ಓದುವ ಬರಹವನ್ನು ಕಪ್ಪು ಪ್ಲೇಟೊಂದರಲ್ಲೇ ಇಡಿ. ಪರದೆಗಾಗಿ ಮಾಡುವಾಗ ಬರಹಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂದು ವೆಬ್‌ಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಮಾನದಂಡ ಹೇಳುತ್ತದೆ. ತಿಳಿ ಬೂದು ಬಣ್ಣದ ಮೇಲಿನ ಮೋಹವನ್ನು ಅದು ಬಿಡಿಸುತ್ತದೆ, ಒಳ್ಳೆಯದೇ. ಇಪ್ಪತ್ತರ ಹರೆಯದವರು ಇದನ್ನೆಲ್ಲ ನಿಮಗಿಂತ ಬೇಗ ಮಾಡಿಯಾರು. ಆರು ತಿಂಗಳಲ್ಲಿ ಆ ಅಂತರ ಬಹುಮಟ್ಟಿಗೆ ಮುಚ್ಚುತ್ತದೆ. ಹದಿನೈದು ವರ್ಷ ನೋಡಿ ನೋಡಿ ಪಳಗಿದ ಕಣ್ಣನ್ನು ಅವರು ಆರು ತಿಂಗಳಲ್ಲಿ ಪಡೆಯಲಾರರು.

ಮತ್ತೊಂದು ಪದವಿಗೆ ಸೇರಬೇಡಿ. ಮೂರು ನಾಲ್ಕು ವರ್ಷ ಮತ್ತೆ ತರಗತಿಯಲ್ಲಿ ಕುಳಿತು ನೀವು ಕಲಿಯುವುದರ ಬಹುಪಾಲು ನಿಮಗೆ ಆಗಲೇ ಗೊತ್ತಿದೆ. ಅಕ್ಷರ ವಿನ್ಯಾಸ ಹಾಗೂ ಪುಟವಿನ್ಯಾಸದ ಮೇಲೆ ಒಂದು ಚಿಕ್ಕ ಕೋರ್ಸ್ ಮಾಡಿ, ಅದರಲ್ಲೂ ನಿಮ್ಮ ಕೆಲಸವನ್ನು ಎದುರಿಗಿಟ್ಟುಕೊಂಡು ತಿದ್ದುವ ಶಿಕ್ಷಕರಿರುವ ಕೋರ್ಸ್. ಆಮೇಲೆ ಸಂಬಳ ಕಡಿಮೆಯಾದರೂ ಅನುಭವಿ ವಿನ್ಯಾಸಕರ ಪಕ್ಕದಲ್ಲಿ ಕೂರುವ ಅವಕಾಶ ಹುಡುಕಿ. ಸತ್ಯಜಿತ್ ರಾಯ್ ಶಾಂತಿನಿಕೇತನದಲ್ಲಿ ಚಿತ್ರಕಲೆ ಓದುತ್ತಿದ್ದು, ಅದನ್ನು ಪೂರ್ತಿ ಮುಗಿಸದೆಯೇ ಹೊರಬಂದು, 1943ರಲ್ಲಿ ಕಲ್ಕತ್ತೆಯ ಡಿ. ಜೆ. ಕೀಮರ್ ಜಾಹೀರಾತು ಸಂಸ್ಥೆಯನ್ನು ಕಿರಿಯ ಹುದ್ದೆಯಲ್ಲಿ ಸೇರಿದರು. ಸಿಗ್ನೆಟ್ ಪ್ರೆಸ್ಸಿಗೆ ಅವರು ಮಾಡಿದ ಮುಖಪುಟಗಳಲ್ಲಿ ಬಂಗಾಳಿ ಅಕ್ಷರವೇ ಕುಂಚದ ಚಿತ್ರವಾಗಿ ನಿಲ್ಲುತ್ತದೆ. ಮುಂದೆ ರೋಮನ್ ಲಿಪಿಗೂ ರೇ ರೋಮನ್ ಎಂಬ ಅಕ್ಷರರೂಪ ಮಾಡಿದರು. ಕಲಾಶಾಲೆ ಕೊಟ್ಟದ್ದನ್ನು ಕಚೇರಿಯ ಕೆಲಸ ಹದ ಮಾಡಿತು.

ಪೋರ್ಟ್‌ಫೋಲಿಯೊಗೆ ಬರೋಣ. ಆರರಿಂದ ಎಂಟು ಕೆಲಸಗಳು ಸಾಕು. ಅವುಗಳಲ್ಲಿ ಎರಡಾದರೂ ಚಿತ್ರವೇ ಇಲ್ಲದ, ಬರೀ ಅಕ್ಷರದ ಕೆಲಸವಾಗಿರಲಿ. ಚಿತ್ರಕಲೆಯ ಹಿನ್ನೆಲೆಯವರ ಪೋರ್ಟ್‌ಫೋಲಿಯೊ ಬಂದಾಗ ನಾನು ಮೊದಲು ಹುಡುಕುವುದೇ ಅದನ್ನು. ಕ್ಯಾನ್ವಾಸುಗಳ ಫೋಟೊಗಳನ್ನು ಸಾಲಾಗಿ ಇಡಬೇಡಿ. ನೋಡುವವರು ಒಳ್ಳೆಯ ಚಿತ್ರಕಾರ್ತಿ ಎಂದು ಮೆಚ್ಚಿಕೊಂಡು ಪುಟ ಮುಚ್ಚುತ್ತಾರೆ. ಮಕ್ಕಳ ಪುಸ್ತಕದ ಚಿತ್ರವನ್ನು ಇಡುವುದಾದರೆ ಇಡೀ ಪುಟವನ್ನು ಬರಹದ ಸಮೇತ ತೋರಿಸಿ. ಆ ಬರಹದ ಜೋಡಣೆ ನಿಮ್ಮದಲ್ಲದಿದ್ದರೆ ಈಗ ನೀವೇ ಹೊಸದಾಗಿ ಮಾಡಿ, ಹೊಸದಾಗಿ ಮಾಡಿದ್ದು ಎಂದು ನಮೂದಿಸಿ. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣ ಬಿಡಿಸಿದ ಪದರಗಳನ್ನು ಒಂದೊಂದಾಗಿ ತೋರಿಸುವ ಪುಟವೊಂದಿರಲಿ, ಅಂಥದ್ದು ಬೇರೆಯವರ ಬಳಿ ಸಿಗುವುದು ವಿರಳ. ಪ್ರತಿ ಕೆಲಸದ ಕೆಳಗೆ ನಾಲ್ಕು ಸಾಲು ಬರೆಯಿರಿ: ಕೇಳಿದ್ದು ಏನು, ತೊಡಕು ಏನಿತ್ತು, ಯಾವ ದಾರಿಯನ್ನು ಬಿಟ್ಟಿರಿ, ಏಕೆ. ಕಲಾವಿದರ ಹೇಳಿಕೆಯ ಭಾಷೆ ಇಲ್ಲಿ ಬೇಡ. ಸ್ವವಿವರದಲ್ಲಿ ನಿಮ್ಮ ಸುತ್ತುದಾರಿಗೆ ವಿವರಣೆಯನ್ನಾಗಲಿ ಕ್ಷಮೆಯನ್ನಾಗಲಿ ಬರೆಯಬೇಡಿ. ಮುದ್ರಣ, ರಂಗವಿನ್ಯಾಸ, ಪುಸ್ತಕಚಿತ್ರ, ಬೋಧನೆ ಎಂದು ಕೆಲಸದ ಪ್ರಕಾರ ಬರೆದರೆ ಅದು ಇದ್ದಂತೆಯೇ ಘನವಾಗಿ ಕಾಣುತ್ತದೆ.

38 ವರ್ಷ ಎಂಬುದು ಎಲ್ಲೆಡೆಯೂ ಒಂದೇ ರೀತಿ ತೂಗುವುದಿಲ್ಲ. ದಿನಕ್ಕೆ ಹತ್ತಾರು ಜಾಹೀರಾತು ಚಿತ್ರ ಹೊರಹಾಕುವ ಕಡೆ ವೇಗವೇ ಮುಖ್ಯ, ಅಲ್ಲಿಗೆ ಹೋಗಿ ನೀವು ಸೊರಗಬೇಡಿ. ಪುಸ್ತಕ ಪ್ರಕಾಶನ, ವಸ್ತುಸಂಗ್ರಹಾಲಯದ ಪ್ರದರ್ಶನ, ಪ್ಯಾಕೇಜಿಂಗ್, ಶಿಕ್ಷಣ ಸಾಮಗ್ರಿ, ರಂಗತಂಡಗಳ ಪ್ರಚಾರ ಸಾಮಗ್ರಿ ಇಂಥ ಕಡೆ ಕೈಯ ನೈಪುಣ್ಯಕ್ಕೂ ಪ್ರೌಢ ತೀರ್ಮಾನಕ್ಕೂ ಬೆಲೆಯಿದೆ. ಮಾತು ಕೊಟ್ಟರೆ ಚಿತ್ರ ಹುಟ್ಟಿಸಿಕೊಡುವ ಯಂತ್ರಗಳು ಬಂದಿರುವ ಈ ಹೊತ್ತಿನಲ್ಲಿ ಅಂದದ ಚಿತ್ರ ಸುಲಭವಾಗಿ ಸಿಗುತ್ತದೆ. ಯಾವ ಚಿತ್ರ ಇಲ್ಲಿ ಸಲ್ಲುತ್ತದೆ, ಯಾವುದು ಸಲ್ಲದು, ಎಲ್ಲಿ ಚಿತ್ರವೇ ಬೇಡ ಎಂದು ಹೇಳಬಲ್ಲವರ ಕೊರತೆ ಹಾಗೆಯೇ ಉಳಿದಿದೆ.

ಚಿತ್ರ ಬರೆಯುವುದನ್ನು ಬಿಡಬೇಡಿ, ಆದರೆ ಎರಡನ್ನೂ ಒಂದೇ ಮೇಜಿನ ಮೇಲೆ ಕಲಸಲೂ ಬೇಡಿ. ಬೇರೆ ಹೊತ್ತು, ಸಾಧ್ಯವಾದರೆ ಬೇರೆ ಜಾಗ. ಜಪಾನಿನ ತದನೋರಿ ಯೊಕೊ ಪೋಸ್ಟರುಗಳಿಂದ ಹೆಸರಾಗಿ 1980ರ ದಶಕದ ಆರಂಭದಲ್ಲಿ ವರ್ಣಚಿತ್ರದ ಕಡೆಗೆ ತಿರುಗಿದರು. ಹೋದ ದಾರಿಯಲ್ಲಿ ಹಿಂದಿರುಗಿ ಬರಲೂ ಆಗುತ್ತದೆ.

ಕೊನೆಯದಾಗಿ ಹಣ ಮತ್ತು ಕಾಗದಪತ್ರ. ಕಲಾವಿದರು ಇದನ್ನು ಮುಂದೂಡುತ್ತಲೇ ಇರುತ್ತಾರೆ, ಆದ್ದರಿಂದ ಒತ್ತಿ ಹೇಳುತ್ತೇನೆ. ಎಷ್ಟೇ ಚಿಕ್ಕ ಕೆಲಸವಾದರೂ ಒಂದು ಹಾಳೆಯ ಒಪ್ಪಂದ ಇರಲಿ: ಏನು ಕೊಡುತ್ತೀರಿ, ಯಾವ ದಿನ ಕೊಡುತ್ತೀರಿ, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ಕೆಲಸ ನಡುವೆ ನಿಂತರೆ ಎಷ್ಟು. ಬಳಸುವ ಫಾಂಟಿನ ಪರವಾನಗಿ ವಾಣಿಜ್ಯ ಕೆಲಸಕ್ಕೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಉಚಿತವಾಗಿ ಸಿಕ್ಕಿದ್ದೆಲ್ಲ ಉಚಿತವಾಗಿ ಬಳಸುವಂಥದ್ದಲ್ಲ. ನೀವು ಚಿತ್ರವನ್ನೂ ಮಾಡಿ ವಿನ್ಯಾಸವನ್ನೂ ಮಾಡುವವರಾದ್ದರಿಂದ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ವಿನ್ಯಾಸದ ಶುಲ್ಕ ಒಂದು, ಆ ಚಿತ್ರವನ್ನು ಎಲ್ಲಿ, ಎಷ್ಟು ಕಾಲ ಬಳಸಬಹುದು ಎಂಬುದರ ಶುಲ್ಕ ಇನ್ನೊಂದು. ಮುಖಪುಟಕ್ಕೆಂದು ಕೊಟ್ಟ ಚಿತ್ರ ಮುಂದಿನ ವರ್ಷ ಕ್ಯಾಲೆಂಡರಿನ ಮೇಲೂ ಚೀಲದ ಮೇಲೂ ಬರುವುದಾದರೆ ಮತ್ತೆ ಮಾತುಕತೆ ಆಗಬೇಕು, ಹಾಗೆಂದು ಒಪ್ಪಂದದಲ್ಲಿ ಮೊದಲೇ ಬರೆದಿರಬೇಕು. ಮೂಲಚಿತ್ರದ ಹಾಳೆ ನಿಮ್ಮ ಬಳಿಯೇ ಉಳಿಯುತ್ತದೆ ಎಂಬ ಸಾಲನ್ನೂ ಸೇರಿಸಿ.